ಬೀಗ ಹಾಕಲಾಗದ ಮರಗಳು

ಹಲವು ವರ್ಷ ಒಂದೇ ಜಾಗದಲ್ಲಿ ಕೂತಿದ್ದ ಕುಂಡವನ್ನು ಎತ್ತಿದರೆ ಕೆಳಗಿನ ಕಡಪ ಕಲ್ಲಿನ ಮೇಲೆ ಅದರ ಅಚ್ಚು ಉಳಿದಿರುತ್ತದೆ. ದಿನವೂ ಹನಿಸಿದ ನೀರಿನ ಉಪ್ಪು ಅಂಚಿನಗುಂಟ ಬಿಳಿಯ ಗೆರೆಯಾಗಿ ಕಟ್ಟಿರುತ್ತದೆ, ಗೆರೆಯ ಒಳಗಿನ ಕಲ್ಲು ಮಾತ್ರ ಮೊನ್ನೆ ಹಾಸಿದ್ದೇನೋ ಎಂಬಷ್ಟು ಕಪ್ಪಗೆ ಹೊಳೆಯುತ್ತಿರುತ್ತದೆ. 2024ರ ನವೆಂಬರಿನಲ್ಲಿ ಶಿವಮೊಗ್ಗದಲ್ಲಿ ನಂಟರ ಮದುವೆ ಮುಗಿಸಿಕೊಂಡು, ಮೂರನೆಯ ದಿನ ಬೆಳಿಗ್ಗೆ ಮೈಸೂರಿನ ನಮ್ಮ ಮನೆಯ ಗೇಟು ತೆಗೆದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅಂಥ ಮೂರು ಅಚ್ಚುಗಳು. ಗೇಟಿನ ಬೀಗ ಹಾಕಿದಂತೆಯೇ ಇತ್ತು, ಮನೆಯ ಬೀಗವನ್ನೂ ಯಾರೂ ಮುಟ್ಟಿರಲಿಲ್ಲ. ನನ್ನ ಹೆಂಡತಿ ಒಳಗೆ ಹೋಗಿ ಬೀರು ತೆರೆದು ನೋಡಿ ಬಂದು, "ಸದ್ಯ, ಏನೂ ಹೋಗಿಲ್ಲ ಕಣ್ರೀ" ಎಂದಳು. ನಾನು ಚೀಲ ಇಳಿಸದೆ ಹೊರಗೇ ನಿಂತಿದ್ದೆ. ಹೋದದ್ದೆಲ್ಲ ಹೊರಗಿನಿಂದಲೇ ಹೋಗಿತ್ತು.

ಹೋದದ್ದು ಮೂರು ಬೋನ್ಸಾಯ್, ಕುಂಡದಲ್ಲಿ ಕತ್ತರಿಸುತ್ತ ಗಿಡ್ಡವಾಗಿಯೇ ಬೆಳೆಸಿದ ಮರಗಳು. ಅವುಗಳಲ್ಲಿ ಒಂದು ಜೇಡ್ ಗಿಡ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅದರ ಕಡ್ಡಿ ನೆಟ್ಟು ಬೆಳೆಸಿದ ಮರಿಗಳು ಇನ್ನೂ ನಾಲ್ಕು ನನ್ನ ಬಳಿ ಇವೆ. ಎರಡನೆಯದು ಹುಣಸೆ, ನಮ್ಮ ಅಡುಗೆಮನೆಯಲ್ಲೇ ಬಿಡಿಸಿದ ಹಣ್ಣಿನ ಬೀಜದಿಂದ ಬಂದದ್ದು, ಹತ್ತೊಂಬತ್ತು ವರ್ಷದ್ದು. ಮೂರನೆಯದು ಬಸರಿ. 1996ರ ಮಳೆಗಾಲದಲ್ಲಿ, ಆಗ ನಾವು ಬಾಡಿಗೆಗಿದ್ದ ಹಳೆಯ ಮನೆಯ ತಾರಸಿಯ ಕೈಪಿಡಿ ಗೋಡೆಯ ಬಿರುಕಿನಲ್ಲಿ ಅದು ಹುಟ್ಟಿಕೊಂಡಿತ್ತು. ಮನೆಯ ಮಾಲೀಕರು ಅದರ ಬುಡಕ್ಕೆ ಸುಣ್ಣ ಸುರಿದು ಸಾಯಿಸಲು ಹೊರಟಿದ್ದರು. ನಾನು ಒಂದು ಭಾನುವಾರ ಪೂರ್ತಿ ಕೂತು ಚಾಣದಿಂದ ಗಾರೆಯನ್ನು ಬಿಡಿಸಿ, ಬೇರು ಹರಿಯದಂತೆ ಅದನ್ನು ಹೊರತೆಗೆದೆ. ಆಗ ಪೆನ್ಸಿಲಿನಷ್ಟು ದಪ್ಪವಿದ್ದ ಕಾಂಡ ಇಪ್ಪತ್ತೆಂಟು ವರ್ಷಗಳಲ್ಲಿ ನನ್ನ ಮುಂಗೈಯಷ್ಟಾಗಿತ್ತು. ಎತ್ತರ ಮಾತ್ರ ಎರಡು ಗೇಣು ಮೀರಿರಲಿಲ್ಲ. ಬೇಸಗೆಯ ಮೊದಲಲ್ಲಿ ಎಲೆಯನ್ನೆಲ್ಲ ಉದುರಿಸಿ, ವಾರ ಕಳೆಯುವಷ್ಟರಲ್ಲಿ ತಾಮ್ರದ ಬಣ್ಣದ ಚಿಗುರಿನಿಂದ ತುಂಬಿಕೊಳ್ಳುತ್ತಿತ್ತು. ಬ್ಯಾಂಕಿನ ಕೆಲಸದಲ್ಲಿದ್ದಷ್ಟು ಕಾಲವೂ ನಾನು ಮಾರ್ಚ್ ತಿಂಗಳ ಲೆಕ್ಕ ಮುಗಿಯುವುದನ್ನು ಕ್ಯಾಲೆಂಡರಿಗಿಂತ ಹೆಚ್ಚಾಗಿ ಆ ಚಿಗುರಿನಲ್ಲೇ ನೋಡಿದ್ದೆ.

ಪೊಲೀಸ್ ಠಾಣೆಗೆ ಹೋದೆ. ಅಲ್ಲಿದ್ದ ಸಿಬ್ಬಂದಿ ಒಳ್ಳೆಯ ಮನುಷ್ಯರೇ, ಕುರ್ಚಿ ಕೊಟ್ಟು ಕೂರಿಸಿ ಮಾತಾಡಿಸಿದರು. ಆದರೆ "ಗಿಡಕ್ಕೆ ಕಂಪ್ಲೇಂಟಾ ಸಾರ್?" ಎಂಬ ಪ್ರಶ್ನೆ ಅವರ ಮುಖದಿಂದ ಕೊನೆಯವರೆಗೂ ಅಳಿಯಲಿಲ್ಲ. ಬರೆಯಲು ಕೂತಾಗ ಅವರು ಕೇಳಿದ ಎರಡನೆಯ ಪ್ರಶ್ನೆಗೆ ಮಾತ್ರ ನನ್ನ ಬಳಿ ಉತ್ತರವಿರಲಿಲ್ಲ: "ಬೆಲೆ ಎಷ್ಟು ಅಂತ ಹಾಕಲಿ?" ಹುಣಸೆಯ ಕುಂಡಕ್ಕೆ ಹನ್ನೊಂದು ನೂರು ಕೊಟ್ಟಿದ್ದು ನೆನಪಿತ್ತು. ಬಸರಿಗೆ ರಸೀದಿ ಎಲ್ಲಿಂದ ತರುವುದು? ಗೋಡೆಯ ಬಿರುಕಿನಿಂದ ಪುಕ್ಕಟೆ ಸಿಕ್ಕಿದ ಗಿಡಕ್ಕೆ ಇಪ್ಪತ್ತೆಂಟು ವರ್ಷ ನೀರು ಹಾಕಿದ್ದೇನೆ ಎನ್ನುವುದನ್ನು ಯಾವ ದರದಲ್ಲಿ ಲೆಕ್ಕ ಹಾಕುವುದು? ಮೂವತ್ತೈದು ವರ್ಷ ಬೇರೆಯವರ ಆಸ್ತಿಗೆ ಬೆಲೆ ಕಟ್ಟಿಸಿ ಸಾಲ ಕೊಟ್ಟ ನಾನು, ಕಡೆಗೆ ಕಣ್ಣು ಮುಚ್ಚಿಕೊಂಡು ಒಂದು ಸಂಖ್ಯೆ ಹೇಳಿದೆ.

ಆ ಸಂಖ್ಯೆ ಹುಡುಗಾಟದ್ದಲ್ಲ ಎಂದು ತಿಳಿದದ್ದು ಮನೆಗೆ ಬಂದು ಕಾನೂನನ್ನು ಓದಿದ ಮೇಲೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳವಿನ ವಿಷಯ ಬರುವುದು 303ನೆಯ ಕಲಮಿನಲ್ಲಿ. ಸಾಮಾನ್ಯವಾಗಿ ಮೂರು ವರ್ಷದವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಆದರೆ ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಕದ್ದವನು ಮೊದಲ ಬಾರಿಗೆ ಶಿಕ್ಷೆಗೆ ಒಳಗಾಗುತ್ತಿದ್ದು, ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ, ಅವನಿಗೆ ಸಿಗುವುದು ಸಮುದಾಯ ಸೇವೆಯ ಶಿಕ್ಷೆ. ನನಗೆ ಇದರಲ್ಲಿ ತಕರಾರೇನೂ ಇಲ್ಲ. ಹುಡುಗುತನಕ್ಕೆ ಕುಂಡ ಎತ್ತಿಕೊಂಡು ಹೋದವನನ್ನು ಜೈಲಿಗೆ ಕಳಿಸುವುದಕ್ಕಿಂತ ಯಾವುದಾದರೂ ಉದ್ಯಾನದಲ್ಲಿ ನೀರು ಹಾಕಿಸುವುದೇ ಮೇಲು. ಆದರೆ ರಸೀದಿಯಿಲ್ಲದ, ಮಾರುಕಟ್ಟೆಯನ್ನೇ ಕಾಣದ ಮರವೊಂದು ಆ ಐದು ಸಾವಿರದ ಗೆರೆಯ ಈಚೆಗೋ ಆಚೆಗೋ ಎಂಬುದನ್ನು ಹೇಳಬೇಕಾದವನು ಅದನ್ನು ಕಳೆದುಕೊಂಡವನೇ, ಅದೂ ಅವನ ಮನಸ್ಸು ಸ್ತಿಮಿತದಲ್ಲಿಲ್ಲದ ದಿನ.

ಅದೇ ಕಲಮಿನಲ್ಲಿ ಇನ್ನೊಂದು ವಿವರಣೆ ಇದೆ. ಹಳೆಯ ದಂಡ ಸಂಹಿತೆಯಿಂದ ಹಾಗೆಯೇ ಇಳಿದು ಬಂದದ್ದು. ನೆಲಕ್ಕೆ ಅಂಟಿಕೊಂಡಿರುವಷ್ಟು ಕಾಲ ಯಾವ ವಸ್ತುವೂ ಕಳವಿನ ವಸ್ತುವಾಗುವುದಿಲ್ಲ, ನೆಲದಿಂದ ಬೇರ್ಪಟ್ಟ ಕ್ಷಣದಿಂದ ಅದು ಕಳವಿಗೆ ಒಳಗಾಗಬಲ್ಲದು ಎಂದು ಅದರ ತಾತ್ಪರ್ಯ. ಇದನ್ನು ನಾನು ಎರಡು ಸಲ ಓದಿದೆ. ಬೇರು ಬಿಟ್ಟು ನಿಂತ ಬಸರಿ ಮರವನ್ನು ಕದಿಯಬೇಕಾದರೆ ಕಳ್ಳ ಮೊದಲು ಅದನ್ನು ಕಡಿಯಬೇಕು. ಚಾಣ ಹಿಡಿದು ಬಿರುಕಿನಿಂದ ಅದನ್ನು ಬಿಡಿಸಿ, ತೂತಿನ ತಳದ ಮಣ್ಣಿನ ತಟ್ಟೆಯಲ್ಲಿ ನೆಟ್ಟು, ಒಬ್ಬ ಮನುಷ್ಯ ಎರಡು ಕೈಯಲ್ಲಿ ಎತ್ತುವಷ್ಟಕ್ಕೆ ಇಪ್ಪತ್ತೆಂಟು ವರ್ಷ ಕತ್ತರಿಸುತ್ತ ಬಂದ ನಾನೇ ಅದನ್ನು ಕದಿಯಲು ಬರುವ ವಸ್ತುವನ್ನಾಗಿ ಮಾಡಿದ್ದೆ. ಬೋನ್ಸಾಯ್‌ಗೆ ಕನ್ನಡದಲ್ಲಿ ವಾಮನ ವೃಕ್ಷ ಎಂಬ ಹೆಸರೂ ಇದೆ. ಮೂರು ಹೆಜ್ಜೆಯಲ್ಲಿ ಕಾಂಪೌಂಡು ದಾಟಿಹೋದ ವಾಮನ ನನ್ನದು.

ನಮ್ಮ ಕಡೆ ಗಿಡಗಳ್ಳತನವನ್ನು ಯಾರೂ ಕಳ್ಳತನವೆಂದು ಎಣಿಸುವುದಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಮನಿ ಪ್ಲಾಂಟನ್ನು ಕೇಳಿ ತಂದರೆ ಹಬ್ಬುವುದಿಲ್ಲ, ಕದ್ದು ತಂದು ನೆಟ್ಟರೆ ಹಬ್ಬುತ್ತದೆ ಎಂದು ನಂಬಿದ ಸಭ್ಯ ಗೃಹಿಣಿಯರು ಎಷ್ಟು ಮಂದಿಯಿಲ್ಲ! ಮುಂಜಾನೆ ವಾಕಿಂಗ್ ಹೊರಟವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಒಂದು ಕೊಕ್ಕೆ ಕೋಲು ಇರುವುದು ನಮ್ಮ ಬಡಾವಣೆಯಲ್ಲಿ ಎಲ್ಲರಿಗೂ ಗೊತ್ತು. ಕಾಂಪೌಂಡಿನಿಂದ ಹೊರಗೆ ಬಾಗಿದ ದಾಸವಾಳ, ಕಣಗಿಲೆ, ನಂದಿಬಟ್ಟಲೆಲ್ಲ ಅವರ ಪಾಲು. ದೇವರಿಗೆ ಒಯ್ದ ಹೂವಿಗೆ ಪಾಪ ಅಂಟುವುದಿಲ್ಲ ಎಂಬುದು ಬರೆಯದ ಕಾಯಿದೆ. ನಮ್ಮ ಬೀದಿಯಲ್ಲಿ ಈ ಕಾಯಿದೆಯ ಪ್ರತಿನಿಧಿ ನಿವೃತ್ತ ಮೇಷ್ಟ್ರೊಬ್ಬರು. ಐದೂವರೆಗೆ ಸರಿಯಾಗಿ ನಮ್ಮ ದಾಸವಾಳದ ಕೆಳಗೆ ಅವರ ಚಪ್ಪಲಿಯ ಸದ್ದು ಕೇಳಿಸುತ್ತಿತ್ತು. ಆ ಸದ್ದಿಗೆ ನಾನು ವರ್ಷಗಟ್ಟಲೆ ಹಾಸಿಗೆಯಲ್ಲೇ ಹಲ್ಲು ಕಡಿದಿದ್ದೇನೆ, ಕಳ್ಳತನವಾದ ದಿನ ನನ್ನ ಮನಸ್ಸು ಮೊದಲು ಹೋದದ್ದೂ ಅವರ ಕಡೆಗೇ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ನಾಲ್ಕನೆಯ ದಿನ ಬೆಳಗಿನ ಆರು ಗಂಟೆಗೆ ಅದೇ ಮೇಷ್ಟ್ರು ಗೇಟು ಬಡಿದರು. ಕೈಯಲ್ಲಿ ನೀರು ತುಂಬಿದ ಬಕೆಟ್ಟು, ಅದರೊಳಗೆ ನನ್ನ ಹುಣಸೆ. "ರಾಯರೇ, ಇದು ನಿಮ್ಮದೇ ಅಲ್ವೇ? ಆ ಕೊನೇ ಖಾಲಿ ಸೈಟಿನಲ್ಲಿ ಪಾರ್ಥೇನಿಯಂ ಒಳಗೆ ಬಿದ್ದಿತ್ತು. ಬೇರು ಒಣಗಿತ್ತು, ಅದಕ್ಕೆ ನೀರಿನಲ್ಲಿ ಇಟ್ಟುಕೊಂಡು ಬಂದೆ" ಎಂದರು. ಹನ್ನೊಂದು ನೂರರ ನೀಲಿ ಮೆರುಗಿನ ಕುಂಡ ಇರಲಿಲ್ಲ. ಕಳ್ಳ ಕುಂಡವನ್ನು ಇಟ್ಟುಕೊಂಡು ಮರವನ್ನು ಎಸೆದಿದ್ದ. ಕುಂಡವೂ ಇಲ್ಲದೆ ಬಿದ್ದಿದ್ದ ಅದನ್ನು ನನ್ನದೇ ಎಂದು ಗುರುತಿಸಿದ್ದು ಹೇಗೆ ಎಂದು ಕೇಳಿದೆ. ಬಲಗಡೆಯ ಕೊಂಬೆಯಲ್ಲಿ ತಂತಿ ಕಚ್ಚಿದ ಸುರುಳಿ ಕಲೆ ಇದೆಯಲ್ಲ, ಅದನ್ನು ಹೂ ಬಿಡಿಸುವಾಗ ದಿನಾ ನೋಡುತ್ತಿದ್ದೆ ಎಂದರು. ಆ ಕಲೆ ನನ್ನ ಅಜಾಗ್ರತೆಯ ಗುರುತು. ಕೊಂಬೆಯನ್ನು ಬೇಕಾದಂತೆ ಬಗ್ಗಿಸಲು ಸುತ್ತಿದ್ದ ತಂತಿಯನ್ನು ಒಂದು ಮಳೆಗಾಲದಲ್ಲಿ ಬಿಚ್ಚುವುದನ್ನು ಮರೆತಿದ್ದೆ, ಕೊಂಬೆ ಉಬ್ಬಿ ತಂತಿ ತೊಗಟೆಯೊಳಕ್ಕೆ ಇಳಿದಿತ್ತು. ಬಂದವರಿಗೆ ಅದು ಕಾಣದಿರಲೆಂದು ಕುಂಡವನ್ನು ಆ ಮುಖ ಬೀದಿಯ ಕಡೆಗಿರುವಂತೆ ತಿರುಗಿಸಿ ಇಡುತ್ತಿದ್ದೆ.

ಎದುರು ಮನೆಯ ಕ್ಯಾಮೆರಾದಲ್ಲಿ ಸಿಕ್ಕಿದ್ದು ಇಷ್ಟು: ರಾತ್ರಿ ಎರಡೂ ಮುಕ್ಕಾಲಿನ ಹೊತ್ತಿಗೆ ಒಂದು ಸ್ಕೂಟರು, ಇಬ್ಬರು, ಹಿಂದೆ ಕೂತವನ ತೊಡೆಯ ಮೇಲೆ ಏನೋ ಒಂದು. ನಂಬರ್ ಪ್ಲೇಟು ಇದ್ದ ಜಾಗದಲ್ಲಿ ಹೆಡ್‌ಲೈಟಿನ ಬಿಳಿ ಮಚ್ಚೆ. ನಮಗೆ ಸುದ್ದಿಯಲ್ಲಿ ಕೇಳಿಬರುವ ಬೋನ್ಸಾಯ್ ಕಳವುಗಳು ಇಂಥವಲ್ಲ. 2019ರ ಜನವರಿಯಲ್ಲಿ ಜಪಾನಿನ ಸೈತಾಮಾ ಪ್ರಾಂತದ ಕವಾಗುಚಿಯಲ್ಲಿ, ತಲೆಮಾರುಗಳಿಂದ ಇದೇ ಕಸುಬಿನಲ್ಲಿರುವ ಕುಟುಂಬವೊಂದರ ತೋಟದಿಂದ ಏಳು ಮರಗಳು ಹೋದವು. ಅವುಗಳಲ್ಲೊಂದು 400 ವರ್ಷದ ಶಿಂಪಾಕು ಜೂನಿಪರ್, ಒಂದು ಕೋಟಿ ಯೆನ್‌ಗಿಂತ ಹೆಚ್ಚು ಬೆಲೆಯದ್ದು. ಸಾವಿರಾರು ಮರಗಳ ನಡುವೆ ನಿಂತು ಆ ಏಳನ್ನೇ ಆರಿಸಿಕೊಂಡ ಕಳ್ಳರಿಗೆ ಅವುಗಳ ಬೆಲೆ ಚೆನ್ನಾಗಿ ಗೊತ್ತಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಆ ಮನೆಯ ಹೆಣ್ಣುಮಗಳು ಫೇಸ್‌ಬುಕ್ಕಿನಲ್ಲಿ ಕಳ್ಳರನ್ನು ಕೇಳಿಕೊಂಡದ್ದು, ದಯವಿಟ್ಟು ಅವಕ್ಕೆ ನೀರು ಹಾಕಿ ಎಂದು. ಆ ಸುದ್ದಿ ಓದಿದಾಗ ನಾನು ಅದನ್ನು ಜಪಾನೀಯರ ಸೌಜನ್ಯವೆಂದುಕೊಂಡಿದ್ದೆ. ನನ್ನ ಬಸರಿ ಹೋದ ಮೇಲೆ ಗೊತ್ತಾಯಿತು, ಸೌಜನ್ಯ ಇದ್ದರೂ ಇರಬಹುದು, ಅದಕ್ಕಿಂತ ಹೆಚ್ಚಾಗಿ ಅದು ದಿಕ್ಕು ತೋಚದವರ ಮಾತು. ಆ ಹೊತ್ತಿಗೆ ಕಳ್ಳನೊಬ್ಬನೇ ಮರದ ಹತ್ತಿರ ಇರುವ ಮನುಷ್ಯ, ಹೇಳುವುದಿದ್ದರೆ ಅವನಿಗೇ ಹೇಳಬೇಕು.

ಇನ್ನೊಂದು ಪ್ರಕರಣ ಅಮೆರಿಕದ ವಾಷಿಂಗ್ಟನ್ ರಾಜ್ಯದ ಫೆಡರಲ್ ವೇ ಎಂಬ ಊರಿನ ಪೆಸಿಫಿಕ್ ಬೋನ್ಸಾಯ್ ಮ್ಯೂಸಿಯಮ್ಮಿನದು. 2020ರ ಫೆಬ್ರವರಿ 9ರಂದು ಅಲ್ಲಿಂದ ಎರಡು ಮರಗಳು ಹೋದವು, ಒಂದು ಸಿಲ್ವರ್‌ಬೆರಿ, ಇನ್ನೊಂದು ಜಪಾನೀ ಕಪ್ಪು ಪೈನ್. ಆ ಪೈನ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ತನ್ನದೇ ನೆಲದ ಜಪಾನೀ ಮೂಲದವರನ್ನು ಕೂಡಿಹಾಕಿದ್ದ ಶಿಬಿರವೊಂದರಲ್ಲಿ, ಫುರುಜಾವಾ ಎಂಬ ಬಂದಿ ಬೀಜದಿಂದ ತಗಡಿನ ಡಬ್ಬಿಯಲ್ಲಿ ಬೆಳೆಸಿದ್ದು. ಮ್ಯೂಸಿಯಂ ಈ ಕಥೆಯನ್ನು ಊರಿಗೆಲ್ಲ ಸಾರಿತು, ಮರಗಳಿಗೆ ನಿತ್ಯದ ಆರೈಕೆ ಬೇಕೆಂದು ಹೇಳಿತು. ಎರಡು ದಿನ ಕಳೆದು ರಾತ್ರಿ ಕಾವಲುಗಾರರು ನೋಡಿದರೆ, ಮ್ಯೂಸಿಯಮ್ಮಿಗೆ ಹೋಗುವ ದಾರಿಯಲ್ಲೇ ಎರಡೂ ಮರಗಳನ್ನು ಯಾರೋ ಇಟ್ಟು ಹೋಗಿದ್ದರು. ಸಿಲ್ವರ್‌ಬೆರಿಗೆ ಒಂದಿಷ್ಟು ಪೆಟ್ಟಾಗಿತ್ತು. ಇಟ್ಟು ಹೋದವರ ಮನಸ್ಸಿನಲ್ಲಿ ಏನಿತ್ತೋ ಹೇಳುವಂತಿಲ್ಲ, ಆದರೆ ನಾಲ್ಕು ಜನ ಗುರುತು ಹಿಡಿಯುವ ಮರವನ್ನು ಮಾರುವುದೂ ಕಷ್ಟ, ಬಚ್ಚಿಡುವುದೂ ಕಷ್ಟ.

ಚಿನ್ನವನ್ನು ಲಾಕರಿನಲ್ಲಿ ಇಡಬಹುದು. ವರ್ಷಕ್ಕೊಮ್ಮೆ ಯುಗಾದಿಗೆ ಹೊರತೆಗೆದು ಹಾಕಿಕೊಂಡು ಮತ್ತೆ ಇಟ್ಟರೂ ಅದು ಬಾಡುವುದಿಲ್ಲ. ಬೋನ್ಸಾಯ್ ಹಾಗಲ್ಲ. ಎರಡು ಮೂರು ಅಂಗುಲ ಆಳದ ಮಣ್ಣಿನಲ್ಲಿ ಬದುಕುವ ಮರಕ್ಕೆ ಏಪ್ರಿಲಿನಲ್ಲಿ ದಿನಕ್ಕೆ ಎರಡು ಹೊತ್ತು ನೀರು ಬೇಕು, ನಾಲ್ಕೈದು ಗಂಟೆಯ ನೇರ ಬಿಸಿಲು ಬೇಕು, ಗಾಳಿ ಬೇಕು. ಕಳ್ಳತನವಾದ ಮೇಲೆ ನಾನು ಸಿಟ್ಟಿನಲ್ಲಿ ಮೊದಲು ಮಾಡಿದ್ದು ಉಳಿದವುಗಳನ್ನೆಲ್ಲ ಮೆಟ್ಟಿಲ ಪಕ್ಕದ ಗ್ರಿಲ್ ಹಾಕಿದ ವರಾಂಡಕ್ಕೆ ಒಯ್ದು ಬೀಗ ಜಡಿದದ್ದು. ಎರಡು ತಿಂಗಳೊಳಗೆ ಗೆಣ್ಣು ಗೆಣ್ಣಿನ ನಡುವಿನ ಅಂತರ ಉದ್ದವಾಯಿತು, ಆಲದ ಎಲೆ ಅಂಗೈಯಗಲ ಬೆಳೆಯಿತು, ದಾಳಿಂಬೆಗೆ ಬಿಳಿ ಹಿಟ್ಟಿನಂಥ ಹುಳು ಹತ್ತಿತು. ವರ್ಷಗಟ್ಟಲೆ ಚಿಕ್ಕದು ಮಾಡಿದ ಎಲೆಯನ್ನು ಕತ್ತಲೆ ಅರವತ್ತು ದಿನಗಳಲ್ಲಿ ದೊಡ್ಡದು ಮಾಡಿಬಿಟ್ಟಿತು. ಕಳ್ಳ ಮೂರನ್ನು ಒಯ್ದಿದ್ದ, ನಾನು ಬೀಗ ಹಾಕಿ ಮೂವತ್ತನ್ನು ಕೆಡಿಸುತ್ತಿದ್ದೆ. ಜನವರಿಯಲ್ಲಿ ಎಲ್ಲವೂ ಮತ್ತೆ ಹೊರಗೆ ಬಂದವು.

ಹೊರಗೆ ಇಟ್ಟುಕೊಂಡೇ ಏನು ಮಾಡಬಹುದು ಎಂದು ಯೋಚಿಸುವುದು ಆಗ ಶುರುವಾಯಿತು. ಕುಂಡವನ್ನು ಕಟ್ಟಿಹಾಕುವುದು ಎಲ್ಲಕ್ಕಿಂತ ಸುಲಭದ ಉಪಾಯ. ಗಾಳಿಗೆ ಬೀಳದಿರಲೆಂದು ಹೇಗೂ ಕಟ್ಟುವವರಿದ್ದಾರೆ. ಆದರೆ ಕುಂಡವನ್ನಷ್ಟೇ ಕಲ್ಲಿಗೆ ಬಿಗಿದರೆ, ಅವಸರದಲ್ಲಿರುವ ಕಳ್ಳ ಮರದ ಕುತ್ತಿಗೆ ಹಿಡಿದು ಕಿತ್ತುಕೊಂಡು ಹೋಗುತ್ತಾನೆ. ಆದ್ದರಿಂದ 2025ರ ಜೂನಿನಲ್ಲಿ ಮಳೆ ಹಿಡಿದ ಮೇಲೆ, ಕುಂಡ ಬದಲಿಸುವ ಸರದಿ ಬಂದ ಮರಗಳಿಗೆಲ್ಲ, ಪ್ಲಾಸ್ಟಿಕ್ ಹೊದಿಕೆಯ ತೆಳುವಾದ ಉಕ್ಕಿನ ಕೇಬಲ್ಲನ್ನು ನೀರು ಬಸಿಯುವ ಒಂದು ತೂತಿನಿಂದ ಒಳಗೆ ತಂದು, ದಪ್ಪ ಬೇರೊಂದರ ಮೇಲಿಂದ ಹಾಯಿಸಿ, ಇನ್ನೊಂದು ತೂತಿನಿಂದ ಇಳಿಸಿ, ಕಲ್ಲಿನ ಕೆಳಗೆ ಬೋಲ್ಟ್ ಹಾಕಿದ ಕಬ್ಬಿಣದ ಪಟ್ಟಿಗೆ ಕಟ್ಟಿದೆ. ಬೇರಿಗೆ ಕೇಬಲ್ಲು ಕಚ್ಚದಂತೆ ಹಳೆಯ ಸೈಕಲ್ ಟ್ಯೂಬಿನ ತುಂಡು ಇಟ್ಟೆ. ದೊಡ್ಡ ಕಟರ್ ತಂದವನಿಗೆ ಇದು ಅರ್ಧ ನಿಮಿಷದ ಕೆಲಸವೆಂದು ನನಗೆ ಗೊತ್ತಿದೆ. ಸ್ಕೂಟರಿನಲ್ಲಿ ಬಂದು ಕುಂಡದ ಹೊಳಪು ನೋಡಿ ಕೈ ಹಾಕುವವನು ಕಟರ್ ತಂದಿರುವುದಿಲ್ಲ. ಜೊತೆಗೆ, ಹೊಳೆಯುವ ಕುಂಡಗಳನ್ನೆಲ್ಲ ತಾರಸಿಗೆ ಸಾಗಿಸಿ ಬೀದಿಗೆ ಕಾಣುವ ಸಾಲಿನಲ್ಲಿ ಸುಟ್ಟ ಮಣ್ಣಿನ ಕೆಂಪು ಕುಂಡಗಳನ್ನೇ ಇಟ್ಟಿದ್ದೇನೆ. ಹುಣಸೆಗೆ ಇದೀಗ ಸಿಕ್ಕಿರುವುದು ಅರವತ್ತು ರೂಪಾಯಿಯ ಕುಂಡ.

ಕ್ಯಾಮೆರಾ, ಮನುಷ್ಯ ಸುಳಿದರೆ ಹತ್ತುವ ದೀಪ, ಹೆಜ್ಜೆ ಇಟ್ಟರೆ ಸದ್ದು ಮಾಡುವ ಜಲ್ಲಿ, ಕಾಂಪೌಂಡಿನ ಮೇಲೆ ಬೋಗನ್‌ವಿಲ್ಲಾದ ಮುಳ್ಳು, ಇವೆಲ್ಲವೂ ಆದವು. ಕ್ಯಾಮೆರಾ ಹಾಕಿಸುವವರಿಗೆ ಒಂದು ಮಾತು: ಮಹಡಿಯ ಸೂರಿನಲ್ಲಿ ಹಾಕಿಸಿದರೆ ನಿಮಗೆ ಸಿಗುವುದು ಟೋಪಿಯ ಚಿತ್ರ, ಮುಖ ಸಿಗಬೇಕಾದರೆ ಅದು ಗೇಟಿನ ಹತ್ತಿರ ತಲೆಯ ಎತ್ತರದಲ್ಲಿರಬೇಕು.

ನನ್ನ ದೊಡ್ಡ ತಪ್ಪು ಇವ್ಯಾವುದರಲ್ಲೂ ಇರಲಿಲ್ಲ, ಗೋಣಿಯಲ್ಲಿ ಇತ್ತು. ಊರಿಗೆ ಹೋಗುವ ಮುನ್ನ ಕುಂಡಗಳನ್ನು ಚೆನ್ನಾಗಿ ನೆನೆಸಿ, ತೇವ ಆರದಿರಲೆಂದು ಒದ್ದೆ ಗೋಣಿಯ ತುಂಡುಗಳನ್ನು ಮಣ್ಣಿನ ಮೇಲೆ ಹೊದಿಸಿ ಹೋಗುವುದು ನನ್ನ ಹಳೆಯ ಪದ್ಧತಿ. ಪುಸ್ತಕದಲ್ಲಿ ಓದಿದವರೂ ಮೆಚ್ಚುವ ಪದ್ಧತಿ. ಆದರೆ ಬೀದಿಯಿಂದ ನೋಡುವವನಿಗೆ ಅದು, ಮನೆಯಲ್ಲಿ ಯಾರೂ ಇಲ್ಲ, ಮೂರು ದಿನ ಬರುವುದಿಲ್ಲ ಎಂದು ಬರೆದು ತೂಗುಹಾಕಿದ ಹಲಗೆ. ಟೈಮರ್ ಇಟ್ಟ ಹನಿ ನೀರಾವರಿಯೂ ಹೆಚ್ಚು ಕಡಿಮೆ ಇದೇ ಮಾತನ್ನು ಹೇಳುತ್ತದೆ. ನೀರು ಹಾಕಲು ಒಬ್ಬ ಮನುಷ್ಯ ಬೆಳಿಗ್ಗೆ ಸಂಜೆ ಬಂದು ಹೋಗುವುದಕ್ಕಿಂತ ಒಳ್ಳೆಯ ಕಾವಲು ನನಗೆ ಇನ್ನೂ ಸಿಕ್ಕಿಲ್ಲ.

ಗುರುತಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಕಳೆದುಹೋದ ಮೇಲೆ ಅದೊಂದೇ ಕೈಯಲ್ಲಿ ಉಳಿಯುವುದು. ಸಾಕುನಾಯಿಗಳಿಗೆ ಹಾಕುವ ಅಕ್ಕಿಕಾಳಿನಷ್ಟು ಉದ್ದದ ಮೈಕ್ರೋಚಿಪ್ಪನ್ನು ಮರಕ್ಕೂ ಹಾಕಬಹುದು. ದಕ್ಷಿಣ ಆಫ್ರಿಕಾದಲ್ಲಿ ನೋಡಲು ತಾಳೆಯಂತಿರುವ ಅಪರೂಪದ ಸೈಕಾಡ್ ಗಿಡಗಳಿಗೆ ಇಂಥ ಚಿಪ್ ಹಾಕುತ್ತಾರೆ. ಅಲ್ಲಿ ಗಿಡಗಳ್ಳತನ ಎಷ್ಟರ ಮಟ್ಟಿನದೆಂದರೆ, 2014ರಲ್ಲಿ ಕೇಪ್‌ಟೌನಿನ ಪ್ರಸಿದ್ಧ ಕರ್ಸ್ಟನ್‌ಬಾಷ್ ಸಸ್ಯೋದ್ಯಾನದಿಂದಲೇ 24 ಸೈಕಾಡ್‌ಗಳು ಹೋಗಿದ್ದವು. ಚಿಪ್ಪಿನ ಬಗ್ಗೆ ಹಲವರಿಗೆ ತಪ್ಪು ತಿಳಿವಳಿಕೆ ಇದೆ: ಅದು ಮರ ಎಲ್ಲಿದೆ ಎಂದು ಹೇಳುವುದಿಲ್ಲ. ಅದರೊಳಗೆ ಬ್ಯಾಟರಿಯೇ ಇಲ್ಲ. ಓದುವ ಯಂತ್ರವನ್ನು ಅಂಗೈ ದೂರಕ್ಕೆ ಹಿಡಿದಾಗ ಮಾತ್ರ ತನ್ನ ಹದಿನೈದು ಅಂಕಿಯ ಸಂಖ್ಯೆಯನ್ನು ಹೇಳುತ್ತದೆ. ಅಂದರೆ ಮರ ಸಿಕ್ಕ ಮೇಲೆ ಅದು ಯಾರದೆಂಬ ಜಗಳವನ್ನು ತೀರಿಸಬಲ್ಲದು, ಮರವನ್ನು ಹುಡುಕಿಕೊಡಲಾರದು. ನಾನು ಪಶುವೈದ್ಯರಾದ ಗೆಳೆಯರೊಬ್ಬರ ನೆರವಿನಿಂದ ಆಲ ಮತ್ತು ಗೋಣಿ ಮರಗಳಿಗೆ ಎರಡು ಚಿಪ್ ಹಾಕಿದೆ. ಕಾಂಡದ ಹಿಂಬದಿಯಲ್ಲಿ ಸಣ್ಣ ಡ್ರಿಲ್ಲಿನಿಂದ ಓರೆಯಾಗಿ ತೂತು ಕೊರೆದಾಗ ಬಿಳಿಯ ಹಾಲು ತೊಟ್ಟಿಕ್ಕಿತು, ಅದನ್ನು ಒರೆಸಿ ಚಿಪ್ಪನ್ನು ತಳ್ಳಿ ಮೇಣ ತುಂಬಿದೆ. ಆಲದ ಜಾತಿಯ ಮರಗಳು ಗಾಯವನ್ನು ಬೇಗ ಮುಚ್ಚಿಕೊಳ್ಳುತ್ತವೆ, ಮಳೆಗಾಲ ಮುಗಿಯುವಷ್ಟರಲ್ಲಿ ಜಾಗ ನನಗೇ ಕಾಣದಾಯಿತು. ಉಳಿದ ಮರಗಳಿಗೆ ಹಾಕಲು ಕೈ ಬರಲಿಲ್ಲ. ಹಳೆಯ ದಾಳಿಂಬೆಯ ಅರೆ ಒಣಗಿದ ಕಾಂಡಕ್ಕೆ ಡ್ರಿಲ್ಲು ಇಡುವುದೆಂದರೆ ಕಳ್ಳ ಮಾಡಬೇಕಾದ್ದನ್ನು ನಾವೇ ಮಾಡಿದಂತೆ.

ಫೋಟೋ ಅದಕ್ಕಿಂತ ಮೇಲು ಎಂಬುದು ನನ್ನ ಅಭಿಪ್ರಾಯ. ನಾವು ಸಾಮಾನ್ಯವಾಗಿ ತೆಗೆಯುವ, ಮರದ ಚೆಲುವಾದ ಮುಖದ ಫೋಟೋ ಇದಕ್ಕೆ ಸಾಲದು. ಎಲೆ ಉದುರಿದಾಗ ನಾಲ್ಕು ದಿಕ್ಕಿನಿಂದ ಒಂದೊಂದು, ಬುಡದ ಬೇರುಕಟ್ಟಿನದು ಹತ್ತಿರದಿಂದ, ಕತ್ತರಿಸಿದ ದೊಡ್ಡ ಕೊಂಬೆಗಳ ಮುಚ್ಚಿದ ಗಾಯದ್ದು ಅಳತೆಪಟ್ಟಿ ಇಟ್ಟು, ಕುಂಡ ಬದಲಿಸುವಾಗ ಮಣ್ಣು ತೊಳೆದ ಬೇರಿನದು. ಕಳ್ಳ ಕುಂಡ ಬದಲಿಸಬಹುದು, ಕೊಂಬೆ ಕತ್ತರಿಸಿ ಆಕಾರವನ್ನೇ ಬದಲಿಸಬಹುದು, ಆದರೆ ಬೇರು ಕವಲೊಡೆದ ರೀತಿಯನ್ನು, ಕಾಂಡದ ಹಳೆಯ ಗಾಯಗಳನ್ನು ಬದಲಿಸಲಾರ. ಬಸರಿಯ ಬಗ್ಗೆ ನನ್ನ ಬಳಿ ಇದ್ದವು ನಲವತ್ತಕ್ಕೂ ಹೆಚ್ಚು ಫೋಟೋ, ಎಲ್ಲವೂ ಮುಂದಿನಿಂದ, ಎಲ್ಲವೂ ಎಲೆ ತುಂಬಿದಾಗ ತೆಗೆದವು. ಹಿಂಬದಿಯಲ್ಲಿ ಗಾರೆಯ ಒಂದು ಚೂರು ಬೇರಿನ ನಡುವೆ ಸಿಕ್ಕಿಕೊಂಡು ಹಾಗೆಯೇ ಬೆಳೆದಿತ್ತು, ಪ್ರಪಂಚದಲ್ಲಿ ಇನ್ನೊಂದು ಮರಕ್ಕೆ ಇರಲಾರದ ಗುರುತು. ಅದರದ್ದು ಒಂದು ಫೋಟೋ ಇಲ್ಲ.

ಆ ನಲವತ್ತು ಫೋಟೋಗಳಲ್ಲಿ ಅರ್ಧದಷ್ಟನ್ನು ನಾನೇ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚಿದ್ದೆ, ಹಿಂದೆ ನಮ್ಮ ಗೇಟು, ಎದುರಿನ ದೇವಸ್ಥಾನದ ಗೋಪುರ ಎಲ್ಲವೂ ಕಾಣುವಂತೆ. ಮದುವೆಗೆ ಹೊರಟ ದಿನ ಶಿವಮೊಗ್ಗದ ಬಸ್ಸಿನಿಂದಲೂ ಒಂದು ಫೋಟೋ ಹಾಕಿದ್ದೆ. ಹಾಗಾದರೆ ಕಳ್ಳ ಆ ಗುಂಪಿನವನೇ ಇರಬಹುದೇ ಎಂದು ಹಲವು ರಾತ್ರಿ ಯೋಚಿಸಿದೆ. ಹಿಂದಿನ ತಿಂಗಳು ಮನೆಗೆ ಬಂದು ಕಾಫಿ ಕುಡಿದು, ಬಸರಿಯ ಬುಡವನ್ನು ಬಗ್ಗಿ ನೋಡಿ ಹೋದ ಇಬ್ಬರು ಹುಡುಗರ ಮುಖ ಕಣ್ಣ ಮುಂದೆ ಬರುತ್ತಿತ್ತು. ಕಳ್ಳತನ ಮಾಡುವ ಹಾನಿಯಲ್ಲಿ ಇದು ಕೆಟ್ಟದ್ದು. ಮರ ಹೋದದ್ದು ಒಂದು ರಾತ್ರಿ, ಈ ಸಂಶಯ ಮಾತ್ರ ತಿಂಗಳುಗಟ್ಟಲೆ ಮನೆಗೆ ಬಂದವರ ಪಕ್ಕದಲ್ಲೆಲ್ಲ ಕೂತಿರುತ್ತಿತ್ತು. ಜನವರಿಯ ಗಣರಾಜ್ಯೋತ್ಸವದ ಹೊತ್ತಿಗೆ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ, ಬೋನ್ಸಾಯ್ ಸಾಲಿನ ಮುಂದೆ ನಿಂತವರ ಕಣ್ಣನ್ನು ನೋಡುತ್ತ ನಿಂತಿದ್ದೆನೇ ಹೊರತು ಮರಗಳನ್ನು ನೋಡಲಿಲ್ಲ.

ಕಳ್ಳತನವಾದ ಅದೇ ಸೈತಾಮಾ ಪ್ರಾಂತದಲ್ಲಿ ಓಮಿಯಾ ಬೋನ್ಸಾಯ್ ಗ್ರಾಮವಿದೆ. 1923ರ ಮಹಾಭೂಕಂಪ ಮತ್ತು ಅದರ ಹಿಂದೆಯೇ ಎದ್ದ ಬೆಂಕಿಯ ನಂತರ ಟೋಕಿಯೊದ ಬೋನ್ಸಾಯ್ ಕಸುಬಿನವರು ಒಳ್ಳೆಯ ನೀರು, ಗಾಳಿ, ಮಣ್ಣು ಹುಡುಕಿಕೊಂಡು ಹೊರಟು, 1925ರಲ್ಲಿ ಅಲ್ಲಿ ನೆಲೆಸಿದರು. ಅಲ್ಲಿ ವಾಸ ಮಾಡಬಯಸುವವರಿಗೆ ಆ ಹಿರಿಯರು ನಾಲ್ಕು ಕರಾರು ಹಾಕಿದ್ದರು. ಹತ್ತಾದರೂ ಬೋನ್ಸಾಯ್ ಇರಬೇಕು, ಮನೆಗೆ ಮಹಡಿ ಕಟ್ಟಬಾರದು, ಬೇಲಿ ಹಸಿರು ಗಿಡದ್ದೇ ಆಗಿರಬೇಕು, ಬಾಗಿಲು ಯಾರಿಗೂ ಮುಚ್ಚಿರಬಾರದು. ಬೆಂಕಿಯಲ್ಲಿ ಎಲ್ಲ ಕಳೆದುಕೊಂಡು ಬಂದವರು ಹಾಕಿಕೊಂಡ ಕಟ್ಟಳೆ ಇದು. ಈ ನಾಲ್ಕನ್ನೂ ನಾನು ಗ್ರಿಲ್ಲಿನ ವರಾಂಡದಲ್ಲಿ ಕೂತು ನೆನೆಸಿಕೊಂಡೆ. ನಾನು ಆ ಹಿರಿಯರಷ್ಟು ದೊಡ್ಡ ಮನಸ್ಸಿನವನಲ್ಲ, ಕೇಬಲ್ಲು ಬಿಚ್ಚಿಲ್ಲ, ಕ್ಯಾಮೆರಾ ತೆಗೆಸಿಲ್ಲ. ಆದರೆ ಆ ಇಬ್ಬರು ಹುಡುಗರಿಗೆ ಫೋನ್ ಮಾಡಿ ಕರೆದೆ. ಬಂದರು. ಬಸರಿ ಹೋದದ್ದನ್ನು ಕೇಳಿ ಅವರಲ್ಲೊಬ್ಬ ತನ್ನ ಫೋನು ತೆಗೆದು, ಅಂದು ಬಗ್ಗಿ ನೋಡುವಾಗ ಬುಡದ ಹಿಂಬದಿಯದ್ದು ಒಂದು ತೆಗೆದುಕೊಂಡಿದ್ದೆ ಅಂಕಲ್ ಎಂದು ತೋರಿಸಿದ. ಗಾರೆಯ ಚೂರು ಸ್ಪಷ್ಟವಾಗಿ ಕಾಣುತ್ತಿತ್ತು. ಅದನ್ನು ಮುದ್ರಿಸಿ ಊರಿನ ಐದಾರು ನರ್ಸರಿಗಳಿಗೆ ಕೊಟ್ಟು ಬಂದಿದ್ದೇನೆ.

ಬಸರಿ ಈವರೆಗೆ ಸಿಕ್ಕಿಲ್ಲ. ಹುಣಸೆ ಎಲೆಯನ್ನೆಲ್ಲ ಉದುರಿಸಿ ಐದು ವಾರ ಕಡ್ಡಿಯಾಗಿ ನಿಂತು, ಸಂಕ್ರಾಂತಿಗೆ ಮುಂಚೆ ಎಡಗಡೆಯ ಎರಡು ಕೊಂಬೆಗಳಲ್ಲಿ ಚಿಗುರಿತು. ಬಲಗಡೆಯ ಕಲೆಯ ಕೊಂಬೆ ಒಣಗಿದೆ, ಆದರೂ ಅದನ್ನು ಕತ್ತರಿಸಿಲ್ಲ. ಈಗ ನಾವು ಊರಿಗೆ ಹೋದಾಗ ಎರಡು ಹೊತ್ತು ನೀರು ಹಾಕುವವರು ಮೇಷ್ಟ್ರು. ಯಾವ ಕುಂಡಕ್ಕೆ ಎಷ್ಟು ತಂಬಿಗೆ ಎಂಬುದನ್ನು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಾರೆ, ನಾನು ಹೆಚ್ಚು ಹಾಕುತ್ತೇನೆಂದು ಒಮ್ಮೆ ಗದರಿಯೂ ಇದ್ದಾರೆ. ಅವರಿಗೆ ಇತ್ತೀಚೆಗೆ ಮಂಡಿ ನೋವು, ಕೊಕ್ಕೆ ಕೋಲು ಎತ್ತಲು ಕಷ್ಟ. ಹೋದ ವಾರ ನಾಲ್ಕು ಮಿಲಿಮೀಟರಿನ ಅಲ್ಯುಮಿನಿಯಂ ತಂತಿ ಸುತ್ತಿ, ದಾಸವಾಳದ ಎರಡು ಉದ್ದದ ಕೊಂಬೆಗಳನ್ನು ಕಾಂಪೌಂಡಿನ ಹೊರಕ್ಕೆ, ಅವರ ಎದೆಯ ಎತ್ತರಕ್ಕೆ ಬಗ್ಗಿಸಿ ಕಟ್ಟಿದೆ. ಮಳೆಗಾಲಕ್ಕೆ ಮೊದಲು ತಂತಿ ಬಿಚ್ಚಬೇಕೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ.